ಹಾಸಿಗೆರಾಯರ ಖಾಸಗಿ ಬೆನ್ನು

ಆಸ್ಪತ್ರೆಯವರು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಅವರಿಗೆ ಎಲ್ಲಿಲ್ಲದ ಪ್ರಾಮಾಣಿಕತೆ ಉಕ್ಕಿ ಬಂತು.

ಆ ಹೊತ್ತಿಗೆ ಹಾಸಿಗೆರಾಯರು ಒಳಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡು, ನೆಲದ ಮೇಲಿನ ಚಾಪೆಯಲ್ಲಿ ಅಂಗಾತ ಮಲಗಿ, ಒಂದು ಮೊಣಕಾಲನ್ನು ಎದೆಗೆ ಎಳೆದುಕೊಂಡು ಉಸಿರು ಬಿಗಿಹಿಡಿದಿದ್ದರು. ಮೂಳೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ. ಪಕ್ಕದಲ್ಲಿದ್ದ ಫೋನು ಟಿಂಗ್ ಎಂದಿತು. ಒಂದು ಸಲ ಅಂದು ಸುಮ್ಮನಾಗಿದ್ದರೆ ಅವರೂ ಸುಮ್ಮನಾಗುತ್ತಿದ್ದರು. ಅದು ಬಿಡದೆ ಬಡಿದುಕೊಳ್ಳತೊಡಗಿದಾಗ ಮಲಗಿದಲ್ಲೇ ಕೈಚಾಚಿ ನೋಡಿದರು.

'ಬೆನ್ನು, ಸೊಂಟ, ಮೊಣಕಾಲು: ಸೋರಿಕೆ ಬಾಧಿತರ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಅವರನ್ನು ಸೇರಿಸಲಾಗಿತ್ತು. ಮೊದಲ ಸಂದೇಶ ಆಸ್ಪತ್ರೆಯದು: 'ಮಾನ್ಯ ರೋಗಿಗಳೇ, ನಮ್ಮ ಕಂಪ್ಯೂಟರಿನಿಂದ ಕೆಲವರ ಹೆಸರು, ಕಾಯಿಲೆ ಮತ್ತು ವೈದ್ಯರ ಸಲಹೆ ಅಪರಿಚಿತರ ಕೈ ಸೇರಿವೆ. ನಿಮ್ಮ ಗೋಪ್ಯತೆ ನಮಗೆ ಪ್ರಾಣಕ್ಕಿಂತ ಮಿಗಿಲು. ಮಧ್ಯಾಹ್ನ ಸಭಾಂಗಣದಲ್ಲಿ ಬಾಧಿತರ ಸಭೆ ಇದೆ.' ಗುಟ್ಟು ಬಯಲಾಗಿದೆ ಎಂದು ಪ್ರತಿಯೊಬ್ಬ ರೋಗಿಗೂ ತಿಳಿಸುವ ಸಲುವಾಗಿ ಎಲ್ಲ ರೋಗಿಗಳನ್ನೂ ಒಂದೇ ಗುಂಪಿಗೆ ತಳ್ಳಿ, ಎಲ್ಲರ ನಂಬರನ್ನೂ ಎಲ್ಲರಿಗೂ ತೋರಿಸಿದ್ದರು. ಕಳ್ಳ ಅರ್ಧಕ್ಕೆ ಬಿಟ್ಟು ಹೋಗಿದ್ದ ಕೆಲಸವನ್ನು ಆಸ್ಪತ್ರೆ ಮುತುವರ್ಜಿಯಿಂದ ಮುಗಿಸಿಕೊಟ್ಟಿತ್ತು. ಅದರ ಕೆಳಗೆ ಆಗಲೇ ಯಾರೋ ಗುಲಾಬಿ ಹೂವಿನ ಚಿತ್ರದ ಜೊತೆ ಶುಭೋದಯ ಹೇಳಿದ್ದರು, ಇನ್ಯಾರೋ ಮಂಡಿನೋವಿನ ಎಣ್ಣೆ ಮಾರಲು ಶುರುಮಾಡಿದ್ದರು.

ರಾಯರ ನಾಲಿಗೆ ಒಣಗಿತು. ಏಕೆ ಒಣಗಿತು ಎಂದರೆ, ಅವರು ಊರಿನ ದೊಡ್ಡ ಹಾಸಿಗೆ ಅಂಗಡಿಯ ಹಿರಿಯ ಸೇಲ್ಸ್‌ಮನ್. ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವರು ಹಾಸಿಗೆರಾಯರೇ. 'ಸ್ವಾಮಿ, ಹನ್ನೆರಡು ವರ್ಷದಿಂದ ಇದೇ ಹಾಸಿಗೆ ಮೇಲೆ ಮಲಗ್ತಾ ಇದೀನಿ. ಬೆನ್ನು ನೋವು ಅಂದ್ರೆ ಏನು ಅಂತ ಗೊತ್ತಿಲ್ಲ' ಎಂದು ಅವರು ಕಣ್ಣರಳಿಸಿ ಹೇಳಿದರೆ, ಹಾಸಿಗೆ ಬೇಡವಾದವರೂ ಕೊಂಡು ಹೋಗುತ್ತಿದ್ದರು. ಈ ಕಡೆ ಆಸ್ಪತ್ರೆಯ ಕಡತದಲ್ಲಿ ಡಾಕ್ಟರು ಬರೆದಿದ್ದರು: ಬೆನ್ನುಮೂಳೆಯ ಬಿಲ್ಲೆ ಜಾರಿದೆ, ಭಾರ ಎತ್ತಕೂಡದು, ಹಾಸಿಗೆ ಮುಟ್ಟಕೂಡದು, ನೆಲವೇ ಗತಿ.

ಅದೇ ದಿನ ಸಂಜೆ ಅಂಗಡಿಯ ಎದುರು ಭಾರೀ ಬೋರ್ಡು ಏರುವುದಿತ್ತು. ಅದರ ತುಂಬ ರಾಯರದೇ ಮುಖ, ದಿಂಬಿಗೆ ಕೆನ್ನೆ ಒತ್ತಿದ ನಗು. ಬೋರ್ಡು ಏರಿದ ಮಾರನೆಯ ದಿನದಿಂದ ಅವರು ಮ್ಯಾನೇಜರು. ಪದವಿಯ ಆಸೆ ಅವರಿಗೆ ಅಷ್ಟೇನೂ ಇರಲಿಲ್ಲ. ಆಸೆ ಇದ್ದದ್ದು ಮ್ಯಾನೇಜರನ ಕುರ್ಚಿಯ ಮೇಲೆ. ಅದಕ್ಕೆ ನೇರವಾದ, ಗಟ್ಟಿಯಾದ ಒರಗು ಇತ್ತು. ಅದರಲ್ಲಿ ಕೂತವನು ದಿನವಿಡೀ ಹಾಸಿಗೆಗಳನ್ನು ಮಗುಚಿ ತೋರಿಸಬೇಕಾಗಿರಲಿಲ್ಲ. ಇನ್ನೊಂದು ವರ್ಷ ಹಾಸಿಗೆ ಮಗುಚಿದರೆ ತಾನೇ ಮಗುಚಿ ಬೀಳುವುದು ಖಂಡಿತ ಎಂದು ರಾಯರಿಗೆ ಗೊತ್ತಿತ್ತು. ಅಂಗಡಿಯ ಯಜಮಾನರ ಕಿವಿಗೆ ಬೆನ್ನಿನ ಸುದ್ದಿ ಬಿದ್ದರೆ ಬೋರ್ಡೂ ಇಲ್ಲ, ಕುರ್ಚಿಯೂ ಇಲ್ಲ.

ಅವರು ಏಳಲು ಹೊರಟರು. ಏಳುವುದಕ್ಕೂ ಬಗ್ಗುವುದಕ್ಕೂ ಡಾಕ್ಟರು ಒಂದು ಕ್ರಮ ಹೇಳಿಕೊಟ್ಟಿದ್ದರು: ಮೊದಲು ಎಡಗೈ ಗೋಡೆಗೋ ಮೇಜಿಗೋ ಆನಿಸಬೇಕು, ಆಮೇಲೆ ಬಲ ಮೊಣಕಾಲು ನೆಲಕ್ಕೆ, ಬೆನ್ನು ಕಂಬದ ಹಾಗೆ ನೆಟ್ಟಗೆ, ಕೊನೆಗೆ ಬಾಯಿಂದ ಉಸಿರು ಬಿಡಬೇಕು. ಅಂಗಡಿಯಲ್ಲೂ ರಾಯರು ಹೀಗೇ ಬಗ್ಗುತ್ತಿದ್ದರು. ಗಿರಾಕಿಗಳು ಅದನ್ನು ವಿನಯವೆಂದು ತಿಳಿದು ಕರಗುತ್ತಿದ್ದರು.

"ಯಾರಿಗೆ ಬೇಕಾಗಿದೆ ನಿಮ್ಮ ಬೆನ್ನು?" ಎಂದಳು ಹೆಂಡತಿ, ವಿಷಯ ಕೇಳಿ. "ಗುಂಪಿಂದ ಹೊರಗೆ ಬಂದು ತೆಪ್ಪಗೆ ಕೆಲಸಕ್ಕೆ ಹೋಗಿ."

ಅವತ್ತಿನ ದಿನದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಇದೊಂದೇ. ಹೆಂಡತಿಯದಾದ್ದರಿಂದ ರಾಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎದುರುಮನೆಯಲ್ಲಿ ಸೆಕ್ಷನ್ ಮಾವ ಇದ್ದರು. ಕೋರ್ಟಿನ ಕಚೇರಿಯಲ್ಲಿ ಬಹುಕಾಲ ಕಡತದ ಕಟ್ಟುಗಳಿಗೆ ದಾರ ಕಟ್ಟಿ ನಿವೃತ್ತರಾದವರು. ದಾರ ಕಟ್ಟುವಾಗ ಕಾನೂನು ಬೆರಳಿನ ಮೂಲಕ ತಲೆಗೆ ಏರಿತೆಂದು ಅವರ ನಂಬಿಕೆ. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಅದಕ್ಕೊಂದು ಸೆಕ್ಷನ್ ಹೇಳುತ್ತಿದ್ದರು. ರಾಯರು ಹೋದಾಗ ಅವರು ಗೇಟಿನ ಬಳಿ ನಿಂತು ಹಾಲಿನವನಿಗೆ ಅವನ ಮೂಲಭೂತ ಹಕ್ಕುಗಳನ್ನು ವಿವರಿಸುತ್ತಿದ್ದರು.

"ಮಾವ, ನನ್ನ ಸ್ನೇಹಿತರೊಬ್ಬರು ಇದಾರೆ," ಎಂದು ರಾಯರು ಮೆಲ್ಲಗೆ ಶುರುಮಾಡಿದರು. "ಅವರ ಕಾಯಿಲೆ ವಿವರ ಆಸ್ಪತ್ರೆಯಿಂದ ಸೋರಿ ಹೋಗಿದೆಯಂತೆ. ಏನು ಮಾಡಬಹುದು?"

"ಏನು ಕಾಯಿಲೆ?"

"ಅದು ಬೇಕಾ?"

"ಬೇಡವೇನಯ್ಯ? ಕಾಯಿಲೆ ಗೊತ್ತಿಲ್ಲದೆ ಹಕ್ಕು ಹೇಗೆ ಹೇಳಲಿ? ಕೆಮ್ಮಿಗೊಂದು, ಹೃದಯಕ್ಕೊಂದು."

"ಬೆನ್ನು," ಎಂದರು ರಾಯರು, ಗಾಳಿಗೂ ಕೇಳಿಸದ ಹಾಗೆ.

"ಬೆನ್ನೋ!" ಸೆಕ್ಷನ್ ಮಾವನ ದನಿ ಬೀದಿಯ ಕೊನೆಯವರೆಗೆ ಹೋಗಿ ವಾಪಸ್ಸು ಬಂತು. "ನಿನಗೆ ಬೆನ್ನು ನೋವಿದೆ ಅಂತ ಮೊದಲೇ ಅನ್ನಿಸಿತ್ತು. ಗೇಟು ತೆಗೆಯೋವಾಗ ಗೇಟಿಗೇ ನಮಸ್ಕಾರ ಮಾಡೋ ಥರ ಬಗ್ತೀಯ."

"ನನಗಲ್ಲ, ಸ್ನೇಹಿತರಿಗೆ."

"ಆಯ್ತು, ಸ್ನೇಹಿತರಿಗೆ. ಹೆದರಬೇಡ ಅಂತ ನಿನ್ನ ಸ್ನೇಹಿತರಿಗೆ ಹೇಳು. ರೋಗಿಗೆ ಹಕ್ಕುಗಳಿವೆ. ಏನೇನು ಸೋರಿದೆ ಅಂತ ಕೇಳೋ ಹಕ್ಕು, ಅಳಿಸಿ ಅನ್ನೋ ಹಕ್ಕು, ಮೊದಲು ಆಸ್ಪತ್ರೆಗೇ ದೂರು ಕೊಡೋ ಹಕ್ಕು, ಅವರು ಕೇಳದಿದ್ದರೆ ಮೇಲಿನ ಮಂಡಳಿಗೆ ಹೋಗೋ ಹಕ್ಕು, ಪರಿಹಾರದ ಹಕ್ಕು. ನಡಿ, ನನ್ನ ತಂಗಿ ಅಳಿಯ ಲಾಯರು. ಈಗಲೇ ಹೋಗೋಣ."

ಹಾಲಿನವನು ರಾಯರ ಬೆನ್ನನ್ನು ಒಮ್ಮೆ ಹಿಂದಿನಿಂದ, ಒಮ್ಮೆ ಪಕ್ಕದಿಂದ ನೋಡಿದ. "ನಮ್ಮ ಎಮ್ಮೆಗೂ ಹೀಗೇ ಆಗಿತ್ತು ರಾಯರೇ," ಎಂದು ಸಮಾಧಾನ ಹೇಳಿ, ಮುಂದಿನ ಮನೆಗಳಿಗೆ ಹಾಲಿನ ಜೊತೆ ಸುದ್ದಿಯನ್ನೂ ಕೊಡಲು ಹೊರಟ.

ದಾರಿಯಲ್ಲಿ ರಾಯರು ಯಜಮಾನರಿಗೆ ಫೋನು ಮಾಡಿ, ನೆಂಟರೊಬ್ಬರಿಗೆ ಹುಷಾರಿಲ್ಲ, ಸಂಜೆ ಬೋರ್ಡು ಏರಿಸುವ ಹೊತ್ತಿಗೆ ಬರುತ್ತೇನೆ ಎಂದರು. ಬಯ್ಯುತ್ತಾರೆಂದು ಅಂಜಿದ್ದರು. ಆದರೆ ಯಜಮಾನರು, "ಆಗಲಿ, ನಿಧಾನವಾಗಿ ಬನ್ನಿ. ನಾನೂ ಮಧ್ಯಾಹ್ನ ಬ್ಯಾಂಕ್ ಕೆಲಸದ ಮೇಲೆ ಹೊರಗಿರ್ತೀನಿ," ಎಂದರು. ಎಂಥ ಒಳ್ಳೆಯ ಮನುಷ್ಯ ಎಂದು ರಾಯರಿಗೆ ಕಣ್ಣು ತುಂಬಿ ಬಂತು.

ಲಾಯರ ಕಚೇರಿಯೆಂದರೆ ಒಂದೇ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಮಾಡಿದ್ದು. ಈಚೆ ಬೆಂಚಿನ ಮೇಲೆ ಕಕ್ಷಿದಾರರು, ಆಚೆ ಲಾಯರು. ಹಲಗೆ ಮೇಲ್ಛಾವಣಿಯವರೆಗೂ ಹೋಗಿರಲಿಲ್ಲ. ಅದು ಕಣ್ಣಿಗೆ ಮಾತ್ರ ಅಡ್ಡ, ಕಿವಿಗಲ್ಲ.

"ಗೋಪ್ಯತೆ ಅಂದ್ರೆ ಪವಿತ್ರ," ಎಂದರು ಲಾಯರು, ರಾಯರ ಕತೆ ಕೇಳಿ ಕೈ ಉಜ್ಜಿಕೊಳ್ಳುತ್ತ. "ಒಬ್ಬರ ಆರೋಗ್ಯದ ವಿಷಯಾನ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹತ್ರ ಬಾಯಿ ಬಿಟ್ಟವರನ್ನ ಸುಮ್ನೆ ಬಿಡಬಾರದು. ಅದು ಯಾರೇ ಆಗಿರಲಿ, ಕೋರ್ಟಿಗೆ ಎಳೀತೀನಿ. ಈಗ ಹೇಳಿ, ನಿಮಗೆ ಏನು ನಷ್ಟ ಆಗಿದೆ?"

"ಇನ್ನೂ ಏನೂ ಆಗಿಲ್ಲ. ಆಗಬಾರದು ಅಂತಲೇ ಬಂದಿದ್ದು."

ಲಾಯರ ಮುಖ ಬಾಡಿತು. "ನಷ್ಟ ಆಗದೆ ಪರಿಹಾರ ಎಲ್ಲಿಂದ ಬರತ್ತೆ? ನಿಮ್ಮ ಬೆನ್ನಿನ ವಿಷಯ ಯಾರಿಗಾದರೂ ಗೊತ್ತಾಗಬೇಕು. ಅವರು ನಿಮ್ಮನ್ನ ಕೀಳಾಗಿ ನೋಡಬೇಕು. ಕೆಲಸ ಹೋದರಂತೂ ಕೇಸು ಬಲವಾಗತ್ತೆ."

"ಕೆಲಸ ಹೋಗಬಾರದು ಸಾರ್."

"ನೋಡೋಣ, ಪ್ರಯತ್ನ ಮಾಡೋಣ," ಎಂದು ಲಾಯರು ಟೈಪಿಸ್ಟನ ಕಡೆ ತಿರುಗಿದರು. ಟೈಪಿಸ್ಟು ವಯಸ್ಸಾದವರು, ಕಿವಿ ಮಂದ. ಆದ್ದರಿಂದ ಲಾಯರು ಬಾಯಲ್ಲಿ ಹೇಳಿ ಬರೆಸುವುದನ್ನು ಸಂತೆಯಲ್ಲಿ ಕೂಗುವವರ ಹಾಗೆ ಕೂಗುತ್ತಿದ್ದರು.

"ನನ್ನ ಕಕ್ಷಿದಾರರು, ಕಾಮಾ, ಬೆನ್ನುಮೂಳೆಯ ಬಿಲ್ಲೆ ಜಾರಿ, ಕಾಮಾ, ಬಗ್ಗಿದರೆ ಏಳಲಾಗದ, ಎದ್ದರೆ ಬಗ್ಗಲಾಗದ ಸ್ಥಿತಿಯಲ್ಲಿದ್ದು—"

"ಏನು ಜಾರಿದೆ?" ಟೈಪಿಸ್ಟು ಕೇಳಿದರು.

"ಬಿಲ್ಲೆ."

"ಎಲ್ಲಿಂದ?"

"ಬೆನ್ನಿಂದ. ಬರೀರಿ. ಈ ಅತ್ಯಂತ ಗೋಪ್ಯವಾದ ವಿಷಯವು, ಕಾಮಾ, ಯಾರೊಬ್ಬರಿಗೂ ತಿಳಿಯಬಾರದಾಗಿದ್ದು, ಫುಲ್‌ಸ್ಟಾಪ್."

ಹಲಗೆಯ ಹೊರಗೆ ಬೆಂಚಿನ ಮೇಲೆ ಅಲ್ಲಿಯವರೆಗೆ ಇದ್ದ ಗುಸುಗುಸು ನಿಂತಿತ್ತು. ರಾಯರು ಹೊರಗೆ ಬಂದಾಗ ಎಲ್ಲರೂ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಒಬ್ಬರು ಕೈಹಿಡಿದು ಬೆಂಚಿನ ಮೇಲೆ ಕೂರಿಸಲು ನೋಡಿದರು. ಮೂಲೆಯಲ್ಲಿದ್ದ ಹೆಂಗಸೊಬ್ಬರು ದಿಟ್ಟಿಸಿ ನೋಡಿ, "ನೀವು ಹಾಸಿಗೆ ಅಂಗಡಿಯವರಲ್ವಾ? ಹೋದ ತಿಂಗಳು ನಮಗೆ ದೊಡ್ಡ ಹಾಸಿಗೆ ಕೊಟ್ಟವರು?" ಎಂದರು.

"ಅದು ನಮ್ಮಣ್ಣ," ಎಂದರು ರಾಯರು. "ನಾವಿಬ್ಬರೂ ನೋಡೋಕೆ ಒಂದೇ ಥರ."

"ನಿಮ್ಮಣ್ಣನಿಗೆ ಹೇಳಿ. ಆ ಹಾಸಿಗೆ ನಡುವೆ ಹೊಂಡ ಬಿದ್ದಿದೆ. ನಮ್ಮ ಯಜಮಾನರು ರಾತ್ರಿ ಅದರೊಳಗೆ ಇಳಿದರೆ ಬೆಳಿಗ್ಗೆ ಕೈಕೊಟ್ಟು ಎತ್ತಬೇಕು. ಅಣ್ಣ ಮಾಡಿದ ಪಾಪ ನೋಡಿ, ತಮ್ಮನ ಬೆನ್ನಿಗೆ ಬಂದಿದೆ."

ಹೀಗೆ ಗುಟ್ಟನ್ನು ಒಂದು ಬೀದಿಗೂ ಒಂದು ಬೆಂಚಿಗೂ ಹಂಚಿ ಮುಗಿಸಿದ ಮೇಲೆ, ರಾಯರು ಅದರ ರಕ್ಷಣೆಗೆಂದು ಆಸ್ಪತ್ರೆಗೆ ಹೊರಟರು. ಜೊತೆಗೆ ಲಾಯರು, ಲಾಯರ ಹಿಂದೆ ಸೆಕ್ಷನ್ ಮಾವ. ಯಾರೂ ಗುರುತು ಹಿಡಿಯದಿರಲೆಂದು ರಾಯರು ತಲೆಗೆ ಹೆಲ್ಮೆಟ್ಟು ಹಾಕಿಕೊಂಡಿದ್ದರು. ಅವರ ಹತ್ತಿರ ಸ್ಕೂಟರು ಇರಲಿಲ್ಲ. ಹೆಲ್ಮೆಟ್ಟು ಮಾವನದು.

ಈ ಉಪಾಯ ತಮಗೊಬ್ಬರಿಗೇ ಹೊಳೆದಿದೆಯೆಂದು ಅವರು ತಿಳಿದಿದ್ದರು. ಸಭಾಂಗಣಕ್ಕೆ ಕಾಲಿಟ್ಟು ನೋಡಿದರೆ ಅಲ್ಲಿ ಮುಖವಿದ್ದವರೇ ಯಾರೂ ಇರಲಿಲ್ಲ. ಮಾಸ್ಕು ಹಾಕಿದವರು, ಸೆರಗು ಸುತ್ತಿದವರು, ಮಫ್ಲರು ಬಿಗಿದವರು. ಒಬ್ಬರಂತೂ ಕೊಡೆ ಬಿಚ್ಚಿ ಅದರ ಹಿಂದೆ ಕೂತಿದ್ದರು. ದರೋಡೆಕೋರರ ವಾರ್ಷಿಕ ಸಮ್ಮೇಳನಕ್ಕೆ ತಪ್ಪಿ ಬಂದೆವೇನೋ ಎಂದು ಸೆಕ್ಷನ್ ಮಾವ ಬಾಗಿಲಲ್ಲೇ ಒಂದು ಗಳಿಗೆ ನಿಂತರು.

ಬಾಗಿಲಲ್ಲಿ ಆಸ್ಪತ್ರೆಯವರು ಎಲ್ಲರ ಎದೆಗೂ ಒಂದೊಂದು ಬಿಲ್ಲೆ ಸಿಕ್ಕಿಸುತ್ತಿದ್ದರು. ಹಳದಿ ಎಂದರೆ ಬೆನ್ನು, ಹಸಿರು ಎಂದರೆ ಮೊಣಕಾಲು, ನೀಲಿ ಎಂದರೆ ಕುತ್ತಿಗೆ. "ಹೆಸರು ಹೇಳೋದು ಬೇಡ ಅಂತ ಈ ವ್ಯವಸ್ಥೆ," ಎಂದು ವಿವರಣೆಯನ್ನೂ ಕೊಟ್ಟರು.

ಆಸ್ಪತ್ರೆಯ ದೂರು ವಿಭಾಗದ ಮೇಡಂ ವೇದಿಕೆಯ ಮೇಲೆ ಮೈಕು ಹಿಡಿದು ನಿಂತರು. ಅವರ ಎದುರಿಗೆ ಒಂದು ಲ್ಯಾಪ್‌ಟಾಪು. "ನಿಮ್ಮ ಗೋಪ್ಯತೆ ನಮಗೆ ಪ್ರಾಣಕ್ಕಿಂತ ಮಿಗಿಲು," ಎಂದು ಆರಂಭಿಸಿದರು. "ಸುಳ್ಳು ರೋಗಿಗಳು ಬಂದು ಸೇರಿಕೊಳ್ಳಬಾರದಲ್ಲ? ಅದಕ್ಕೆ ಒಬ್ಬೊಬ್ಬರಾಗಿ ಮುಖ ತೋರಿಸಿ, ಹೆಸರು, ಕಾಯಿಲೆ, ಡಾಕ್ಟರು ಏನು ಹೇಳಿದಾರೆ ಅನ್ನೋದನ್ನ ಮೈಕಲ್ಲಿ ಹೇಳಿ. ನಾವು ಟಿಕ್ ಮಾಡ್ಕೋತೀವಿ."

ಸಭೆಯಲ್ಲಿ ಗೊಣಗಾಟ ಎದ್ದಿತು. ಕೊಡೆಯ ಹಿಂದಿನವರು ಕೊಡೆಯ ಸಮೇತ ಹೊರಟುಹೋದರು. ರಾಯರೂ ಏಳುತ್ತಿದ್ದರು. ಲಾಯರು ಹಿಡಿದು ಕೂರಿಸಿದರು.

"ಇಲ್ಲಿ ಹೇಳದಿದ್ರೆ ದೂರು ದಾಖಲಾಗಲ್ಲ. ದೂರು ದಾಖಲಾಗದಿದ್ರೆ ಮಂಡಳಿಗೆ ಹೋಗೋ ಹಾಗಿಲ್ಲ. ಹಕ್ಕು ಬೇಕೋ, ನಾಚಿಕೆ ಬೇಕೋ?"

ರಾಯರು ಹೆಲ್ಮೆಟ್ಟು ತೆಗೆದರು. ಮೈಕಿನ ಮುಂದೆ ನಿಂತು ಹೆಸರು ಹೇಳಿದರು, ಬೆನ್ನು ಎಂದರು, ನೆಲದ ಮೇಲೆ ಚಾಪೆ ಎಂದರು. "ಇನ್ನೂ ಸ್ವಲ್ಪ ಜೋರಾಗಿ," ಎಂದು ಮೇಡಂ ಹೇಳಿದ್ದರಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ವಾಪಸ್ಸು ಬಂದಾಗ ಅವರ ಜಾಗದಲ್ಲಿ ಯಾರೋ ಕೂತಿದ್ದರಿಂದ ಹಿಂದಿನ ಸಾಲಿಗೆ ಹೋದರು.

ಅಲ್ಲಿ ಮಂಕಿ ಟೋಪಿಯನ್ನು ಹುಬ್ಬಿನವರೆಗೆ ಎಳೆದು, ಕಪ್ಪು ಕನ್ನಡಕ ಹಾಕಿ, ಅದರ ಮೇಲೊಂದು ಮಾಸ್ಕನ್ನೂ ಬಿಗಿದ ಒಬ್ಬ ಮನುಷ್ಯ ಒಂದು ಪಕ್ಕಕ್ಕೆ ವಾಲಿ ಕೂತಿದ್ದ. ಅವನ ಎದೆಯ ಬಿಲ್ಲೆ ಹಳದಿ. ರಾಯರು ಪಕ್ಕದಲ್ಲಿ ಕೂರುವ ಹೊತ್ತಿಗೆ ಆ ಬಿಲ್ಲೆ ಕಳಚಿ ನೆಲಕ್ಕೆ ಬಿತ್ತು. ಮಂಕಿ ಟೋಪಿಯವನು ಬಿಲ್ಲೆಯನ್ನು ನೋಡಿದ. ರಾಯರೂ ನೋಡಿದರು. ಇಬ್ಬರೂ ಬಗ್ಗಲಿಲ್ಲ. ಆ ಒಂದು ಗಳಿಗೆಯಲ್ಲಿ ರಾಯರಿಗೆ ಅವನ ಮೇಲೆ ಒಡಹುಟ್ಟಿದವನ ಮೇಲಿನಷ್ಟು ಪ್ರೀತಿ ಹುಟ್ಟಿತು.

"ನಿಮಗೂ ನೆಲವೇನಾ?" ಎಂದು ಕೇಳಿದರು.

ಮಂಕಿ ಟೋಪಿ ಮೇಲಕ್ಕೂ ಕೆಳಕ್ಕೂ ಆಡಿತು.

ಬೆಳಗಿನಿಂದ ಎಲ್ಲರಿಗೂ ಹೆದರಿ ಹೆದರಿ ಹೇಳಿದ್ದ ರಾಯರಿಗೆ, ನೋವು ತಿಳಿದವನೊಬ್ಬ ಸಿಕ್ಕಿದ್ದು ಅದೇ ಮೊದಲು. ಅವರ ಮನಸ್ಸು ಬಿಚ್ಚಿಕೊಂಡಿತು. ಮನಸ್ಸು ಬಿಚ್ಚಿಕೊಂಡದ್ದು ಸಾಲದೆಂದು ಬಾಯೂ ಬಿಚ್ಚಿಕೊಂಡಿತು. ಅಲ್ಲಿಗೇ ನಿಲ್ಲಿಸಿದ್ದರೆ ಅವರನ್ನು ದೇವರಾದರೂ ಕಾಪಾಡಬಹುದಿತ್ತು.

"ನನ್ನ ಹಣೆಬರಹ ನೋಡಿ ಸ್ವಾಮಿ. ನಾನು ಮಾರೋದೇ ಹಾಸಿಗೆ. ಅದೂ ಎಂಥ ಹಾಸಿಗೆ ಅಂತೀರಿ? ಒಳಗಿರೋದೆಲ್ಲ ಹಳೇ ಬಸ್ ಸೀಟಿನ ಚೂರು. ಒಂದು ಮೂಲೆಗೆ ಮಾತ್ರ ಒಳ್ಳೆ ಫೋಮು ತುಂಬಿರ್ತಾರೆ. ಗಿರಾಕಿ ಬಂದ್ರೆ ಆ ಮೂಲೇಲೇ ಕೂರಿಸ್ತೀನಿ. 'ಒತ್ತಿ ನೋಡಿ, ಬೆಣ್ಣೆ ಇದ್ದ ಹಾಗಿದೆ' ಅಂತೀನಿ. ನಡುವಿಗೆ ಹೋಗೋಕೆ ಬಿಡೋದೇ ಇಲ್ಲ."

"ಹ್ಮ್," ಎಂದಿತು ಮಂಕಿ ಟೋಪಿ.

"ನಮ್ಮ ಯಜಮಾನ ಒಂದು ರಾತ್ರಿ ಅದರ ಮೇಲೆ ಮಲಗಿದ್ದಿದ್ರೆ ಗೊತ್ತಾಗ್ತಿತ್ತು. ಅವನೆಲ್ಲಿ ಮಲಗ್ತಾನೆ? ಜಿಪುಣ. ನೋಡಿ, ನಾಳೆಯಿಂದ ನಾನು ಮ್ಯಾನೇಜರು. ಆ ಕುರ್ಚೀಲಿ ಒರಗಿ ಕೂತ್ಕೊಂಡು ಬಿಟ್ರೆ ಸಾಕು. ಅವನಿಗೆ ನನ್ನ ಬೆನ್ನಿನ ವಿಷಯ ಗೊತ್ತಾಗಬಾರದು, ಅಷ್ಟೇ."

ಮಂಕಿ ಟೋಪಿಯವನು ಉದ್ದಕ್ಕೆ ಉಸಿರು ಬಿಟ್ಟು ರಾಯರ ತೋಳನ್ನು ತಟ್ಟಿದ. ಆಮೇಲೆ ಹೇಳುವ ಸರದಿ ತನ್ನ ಸಾಲಿನ ಕಡೆ ಬರುತ್ತಿರುವುದನ್ನು ಕಂಡು, ಎದುರಿನ ಕುರ್ಚಿ ಹಿಡಿದು ಮೆಲ್ಲಗೆ ಎದ್ದು ಬಾಗಿಲ ಕಡೆ ನಡೆದ. ಕಕ್ಷಿದಾರರ ವಾಸನೆ ಹಿಡಿಯುವುದರಲ್ಲಿ ನಿಪುಣರಾದ ಲಾಯರು ತಮ್ಮ ಕಾರ್ಡು ಕೈಲಿ ಹಿಡಿದು ಅವನ ಹಿಂದೆಯೇ ಓಡಿದರು.

ಅಷ್ಟರಲ್ಲಿ ಮೇಡಂ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ರಾಯರನ್ನು ಕರೆದರು.

"ನಿಮ್ಮದೇನೂ ಸೋರಿಲ್ಲವಲ್ಲ ಸಾರ್. ನಿಮ್ಮ ಫೈಲನ್ನ ಇನ್ನೂ ಕಂಪ್ಯೂಟರಿಗೆ ಏರಿಸೇ ಇಲ್ಲ. ಕೆಳಗಡೆ ಗೋಣಿಚೀಲದಲ್ಲಿ ಭದ್ರವಾಗಿದೆ. ಗುಂಪಿಗೆ ನಿಮ್ಮ ನಂಬರು ತಪ್ಪಿ ಸೇರಿದೆ ಅಷ್ಟೇ."

"ಹಾಗಾದ್ರೆ ನನ್ನ ಬೆನ್ನಿನ ವಿಷಯ ಯಾರಿಗೂ ಗೊತ್ತಿಲ್ಲವಾ?"

"ನಮ್ಮ ಕಡೆಯಿಂದ ಯಾರಿಗೂ ಇಲ್ಲ," ಎಂದರು ಮೇಡಂ ಮೈಕಿನಲ್ಲಿ. ಸಭೆಗೆ ಸಭೆಯೇ ತಿರುಗಿ ರಾಯರ ಬೆನ್ನನ್ನು ನೋಡಿತು.

ರಾಯರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೆಳಗಿನಿಂದ ಹಾಲಿನವನಿಂದ ಹಿಡಿದು ಮಂಕಿ ಟೋಪಿಯವರೆಗೆ ಎಲ್ಲರಿಗೂ ತಾವೇ ಸಾರಿಕೊಂಡು ಬಂದಿದ್ದೇವೆ ಎಂಬುದು ಆ ತಲೆಗೆ ಹೊಳೆಯಲೇ ಇಲ್ಲ. ಆಸ್ಪತ್ರೆ ಸೋರಿಲ್ಲ, ತಾನು ಉಳಿದೆ, ಕುರ್ಚಿ ಉಳಿಯಿತು. ಅವರ ಲೆಕ್ಕ ಅಷ್ಟಕ್ಕೇ ಮುಗಿದಿತ್ತು. ಸೆಕ್ಷನ್ ಮಾವನಿಗೆ ಹೆಲ್ಮೆಟ್ಟು ಹಿಂತಿರುಗಿಸಿ, ಬಹಳ ದಿನಗಳಿಂದ ಮರೆತಿದ್ದ ಒಂದು ಹಾಡನ್ನು ಗುನುಗುತ್ತ ಅಂಗಡಿಯ ದಾರಿ ಹಿಡಿದರು.

ಅಂಗಡಿಯ ಎದುರು, ಬೀದಿಯ ಆಚೆ ಬದಿಯಲ್ಲಿ, ಬೋರ್ಡು ಅಂಗಡಿಗೆ ಮುಖಮಾಡಿ ಏರುತ್ತಿತ್ತು. ಇಬ್ಬರು ಏಣಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದರು. ರಾಯರ ಒಂದು ಕಿವಿ ಇನ್ನೂ ಮಡಚಿಕೊಂಡಿತ್ತು, ಉಳಿದ ಮುಖವೆಲ್ಲ ಬೀದಿಗೆ ನಗುತ್ತಿತ್ತು. ಕೆಳಗೆ ಬಾಗಿಲಗಲದ ಅಕ್ಷರಗಳು: 'ಹನ್ನೆರಡು ವರ್ಷ ಇದೇ ಹಾಸಿಗೆ. ಒಂದು ದಿನವೂ ಬೆನ್ನು ನೋವಿಲ್ಲ!' ರಾಯರು ಅದನ್ನು ಎರಡು ಸಲ ಓದಿದರು. ಓದುತ್ತ ಓದುತ್ತ ಅವರಿಗೇ ನಂಬಿಕೆ ಬಂದುಬಿಟ್ಟಿತು.

ಯಜಮಾನರ ಕೋಣೆಗೆ ಹೋದಾಗ ಅವರು ಮೇಜಿನ ಹಿಂದೆ ನಿಂತೇ ಇದ್ದರು. ಅವರು ಕೂರುವುದು ಕಡಿಮೆ. ನಿಂತು ಕೆಲಸ ಮಾಡುವುದು ಶಿಸ್ತೆಂದು ಎಲ್ಲರಿಗೂ ಬೋಧಿಸುತ್ತಿದ್ದರು.

"ಬನ್ನಿ ರಾಯರೇ. ನೆಂಟರು ಹೇಗಿದಾರೆ?"

"ಪೂರ್ತಿ ಗುಣ ಆಯ್ತು ಸಾರ್," ಎಂದರು ರಾಯರು ಬೀಗುತ್ತ.

"ಸಂತೋಷ," ಎನ್ನುತ್ತ ಯಜಮಾನರು ಸಹಿ ಮಾಡಲು ಪೆನ್ನಿಗೆ ಕೈ ಹಾಕಿದರು. ಪೆನ್ನು ಉರುಳಿ ನೆಲಕ್ಕೆ ಬಿತ್ತು. ಅವರು ಮೊದಲು ಎಡಗೈಯನ್ನು ಮೇಜಿಗೆ ಆನಿಸಿದರು. ಆಮೇಲೆ ಬಲ ಮೊಣಕಾಲನ್ನು ನೆಲಕ್ಕೆ ಊರಿದರು. ಬೆನ್ನು ಕಂಬದ ಹಾಗೆ ನೆಟ್ಟಗಿತ್ತು. ಕೊನೆಗೆ ಬಾಯಿಂದ ಉದ್ದಕ್ಕೆ ಉಸಿರು ಬಿಟ್ಟರು. ಆ ಉಸಿರನ್ನು ರಾಯರು ಅದೇ ದಿನ ಮಧ್ಯಾಹ್ನ ತೀರ ಹತ್ತಿರದಿಂದ ಕೇಳಿದ್ದರು.

ಹಳೇ ಬಸ್ ಸೀಟು, ಒಂದು ಮೂಲೆಯ ಬೆಣ್ಣೆ, ಜಿಪುಣ, ಎಲ್ಲವೂ ಸಾಲಾಗಿ ರಾಯರ ಕಣ್ಣ ಮುಂದೆ ಹಾದುಹೋದವು. ಆದರೆ ಮರುಗಳಿಗೆ ಅವರ ಮುಖಕ್ಕೆ ಕಳೆ ಬಂತು. ಯಜಮಾನನ ಗುಟ್ಟು ತನ್ನ ಕೈಲಿದೆಯಲ್ಲ. ಹಾಸಿಗೆ ಅಂಗಡಿಯ ಒಡೆಯನೇ ನೆಲದ ಮೇಲೆ ಮಲಗುತ್ತಾನೆಂದು ಊರಿಗೆ ಗೊತ್ತಾದರೆ ಈ ಅಂಗಡಿಗೆ ನೊಣ ಕೂಡ ಬರುವುದಿಲ್ಲ. ಅವರು ಗಂಟಲು ಸರಿಮಾಡಿಕೊಂಡರು.

"ಸಾರ್, ಮಧ್ಯಾಹ್ನ ಬ್ಯಾಂಕಿನಲ್ಲಿ ಸಿಕ್ಕಿದ್ವಿ ಅನ್ಸತ್ತೆ. ಹಳದಿ ಬಿಲ್ಲೆ ಬೀಳಿಸ್ಕೊಂಡಿರಿ."

"ಅಲ್ಲಿಗೇ ನಿಲ್ಲಿಸಿ," ಎಂದಿತು ಹಿಂದಿನಿಂದ ಒಂದು ಪರಿಚಿತ ದನಿ.

ಮೂಲೆಯಲ್ಲಿ ಮಾದರಿಗೆ ಇಟ್ಟಿದ್ದ ಹಾಸಿಗೆಯ ಬೆಣ್ಣೆಯ ಮೂಲೆಯನ್ನೇ ಆರಿಸಿಕೊಂಡು ಲಾಯರು ಕೂತಿದ್ದರು.

"ಸಾರ್, ನೀವು ಇಲ್ಲಿ?"

"ಇವರು ನನ್ನ ಹೊಸ ಕಕ್ಷಿದಾರರು," ಎಂದರು ಲಾಯರು. "ನಿಮ್ಮ ಕೇಸು ಮುಗೀತಲ್ಲ. ನಿಮ್ಮದೇನೂ ಸೋರಿಲ್ಲ ಅಂತ ಮೇಡಂ ಮೈಕಲ್ಲಿ ಹೇಳಿದ್ದು ಹೊರಗೂ ಕೇಳಿಸ್ತು. ಇವರದು ಪೂರ್ತಿ ಸೋರಿದೆ. ಈಗ ನೀವು ಹೇಳೋಕೆ ಹೊರಟಿದ್ದು ಇವರ ಆರೋಗ್ಯದ ವಿಷಯ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹತ್ರ ಬಾಯಿ ಬಿಟ್ರೆ ಏನಾಗತ್ತೆ ಅಂತ ಬೆಳಿಗ್ಗೆ ನಾನೇ ನಿಮಗೆ ಹೇಳಿದೀನಿ."

ರಾಯರು ಬಾಯಿ ಮುಚ್ಚಿದರು. ಆಮೇಲೆ ಸಣ್ಣದಾಗಿ ತೆರೆದರು. "ಹಾಗಾದ್ರೆ ನನ್ನ ಬೆನ್ನಿನ ವಿಷಯಾನೂ ಹಾಗೇ ತಾನೇ? ಅದನ್ನ ನೆಪ ಮಾಡಿ ಕೆಲಸ ಕಿತ್ಕೊಳ್ಳೋ ಹಾಗಿಲ್ಲ."

"ಖಂಡಿತ ಇಲ್ಲ," ಎಂದರು ಲಾಯರು ಸಂತೋಷದಿಂದ. "ನಿಮ್ಮ ಬೆನ್ನಿನ ವಿಷಯ ಇವರಿಗೆ ಗೊತ್ತೇ ಇಲ್ಲ. ಗೊತ್ತಿದೆ ಅಂದ್ರೆ ಅದು ತಪ್ಪಾಗತ್ತೆ. ಆದರೆ ಬಸ್ ಸೀಟಿನ ಚೂರು, ಜಿಪುಣ, ಇವು ಕಾಯಿಲೆ ಅಲ್ಲ. ಇವಕ್ಕೆ ಯಾವ ಗೋಪ್ಯತೆಯೂ ಇಲ್ಲ."

ಯಜಮಾನರು ಆಗಲೇ ಒಂದು ಕಾಗದಕ್ಕೆ ಸಹಿ ಮಾಡುತ್ತಿದ್ದರು. "ನಿಮ್ಮನ್ನ ಕೆಲಸದಿಂದ ತೆಗೆಯೋಲ್ಲ ರಾಯರೇ. ಬೋರ್ಡು ಆಗಲೇ ಏರಿಸಿಯಾಗಿದೆ. ಮ್ಯಾನೇಜರ್ ಕುರ್ಚಿ ಮಾತ್ರ ಸದ್ಯಕ್ಕೆ ಬೇಡ. ಈಗಿಂದಲೇ ಗೋದಾಮಿಗೆ ಹೋಗಿ. ಲೋಡು ಇಳಿಸೋಕೆ ಅಲ್ಲಿ ಜನ ಸಾಲದು."

"ಸಾರ್, ಭಾರ ಎತ್ತೋ ಹಾಗಿಲ್ಲ ನಾನು. ನನ್ನ ಬೆನ್ನು—"

"ಯಾವ ಬೆನ್ನು?" ಎಂದರು ಲಾಯರು. "ಬೆನ್ನು ನೋವು ಅಂತ ವಿನಾಯಿತಿ ಬೇಕಾದ್ರೆ ಆಸ್ಪತ್ರೆ ಫೈಲು ತಂದು ಇಲ್ಲಿ ಎಲ್ಲರ ಮುಂದೆ ಕೊಡಬೇಕಾಗತ್ತೆ. ಅದು ನಿಮ್ಮ ಖಾಸಗಿ ವಿಷಯ, ನಾವು ಬಲವಂತ ಮಾಡಲ್ಲ. ಕೊಟ್ರೆ, ಬೋರ್ಡಿನ ಮೇಲೆ ಸುಳ್ಳು ಹೇಳಿದ್ದಕ್ಕೆ ಗಿರಾಕಿಗಳು ಯಾರ ಮೇಲೆ ಕೇಸು ಹಾಕ್ತಾರೆ ಅಂತ ಅದನ್ನೂ ಯೋಚನೆ ಮಾಡಿ. ಅಲ್ಲಿರೋದು ನಿಮ್ಮ ಮುಖ."

ರಾಯರು ಕಿಟಕಿಯಿಂದ ಆಚೆ ನೋಡಿದರು. ಏಣಿಯವರು ಮಡಚಿದ್ದ ಕಿವಿಯನ್ನೂ ಬಿಡಿಸಿ ಬಿಗಿಯುತ್ತಿದ್ದರು. ಬೋರ್ಡಿನ ರಾಯರು ಪರಮಸುಖದಲ್ಲಿದ್ದರು.

ಅಂಗಡಿಯ ಹಿಂದುಗಡೆ ಗೋದಾಮಿನ ಮುಂದೆ ಹಾಸಿಗೆ ತುಂಬಿದ ಲಾರಿ ಬಂದು ನಿಂತಿತ್ತು. ಅಷ್ಟರಲ್ಲಿ ರಾಯರ ಫೋನು ಟಿಂಗ್ ಎಂದಿತು. ಆಸ್ಪತ್ರೆಯ ಸಂದೇಶ: 'ನಿಮ್ಮ ಮಾಹಿತಿ ಸುರಕ್ಷಿತವಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?' ಅವರು ಫೋನನ್ನು ಜೇಬಿಗೆ ಹಾಕಿಕೊಂಡು ಲಾರಿಯ ಬಳಿ ನಿಂತರು.

ಲಾರಿ ಡ್ರೈವರು ಅವರನ್ನು ನೋಡಿದ. ಆಮೇಲೆ ಕಟ್ಟಡದ ಮೇಲಿನಿಂದ ಇಣುಕುತ್ತಿದ್ದ ಬೋರ್ಡನ್ನು ನೋಡಿದ. ಮತ್ತೆ ಅವರನ್ನು ನೋಡಿ ಮುಖ ಅರಳಿಸಿದ. ಇಬ್ಬರು ಹಿಡಿಯುವ ದೊಡ್ಡ ಹಾಸಿಗೆಯೊಂದನ್ನು ಎಳೆದು, ಅದರ ಭಾರವನ್ನೆಲ್ಲ ಪ್ರೀತಿಯಿಂದ ರಾಯರ ಹೆಗಲಿಗೆ ದಾಟಿಸಿದ.

"ನೀವೊಬ್ಬರೇ ಸಾಕಣ್ಣ," ಎಂದ. "ಬೆನ್ನು ಅಂದ್ರೆ ನಿಮ್ಮದು."